ಕೆಲ್ಸ ಕಲ್ತ ಹುಡುಗ್ರು ಹೇಳ್ದೆ ಕೇಳ್ದೆ ಬಿಟ್ಟೋಗ್ತಾರೆ, ನಿಯತ್ತು ಎಲ್ಲೋಯ್ತು ಸರ್?

ಪ್ರಶ್ನೆ: ಸರ್ ನಮಸ್ಕಾರ. ಬಳ್ಳಾರಿಯಲ್ಲಿ ನಮ್ದೊಂದು ಸಣ್ಣ ಜೀನ್ಸ್ ಸ್ಟಿಚಿಂಗ್ ಯೂನಿಟ್ ಐತೆ, 18 ಜನ ಅದಾರೆ. ನಮ್ಮ ಅಪ್ಪಾಜಿ ಕಾಲದಾಗೆ ಒಬ್ಬೊಬ್ಬ ಟೈಲರ್ 15-20 ವರ್ಷ ಇದ್ರು, ಮನೆ ಮಕ್ಳಂಗೆ ಇದ್ರು. ಈಗ ಮಷಿನ್ ಮೇಲೆ ಕೈ ಕುದುರೋದೇ ತಡ, ಬಿಟ್ಟೋಗ್ತಾರೆ. ದೀಪಾವಳಿ ಆರ್ಡರ್ ಅರ್ಧಕ್ಕಿದ್ದಾಗ ಒಬ್ಬ ಹುಡುಗ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಹೋದ, ಆಮೇಲೆ ಗೊತ್ತಾಯ್ತು, ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಸೇರ್ಕೊಂಡಾನೆ ಅಂತ. ನಾನು 13 ಸಾವಿರ ಕೊಡ್ತಿದ್ದೆ, ಅಲ್ಲಿ 15 ಅಂತೆ. ಬರೀ 2 ಸಾವಿರಕ್ಕೆ ಹಿಂಗ ಮಾಡೋದಾ? ಅವನ 11 ದಿನದ ಪಗಾರ ನನ್ನ ಹತ್ರಾನೇ ಐತೆ, ಕೊಟ್ಟಿಲ್ಲ. ಇನ್ಮೇಲೆ ಸೇರೋರ ಹತ್ರ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಒಂದು ತಿಂಗಳ ಪಗಾರ ಹಿಡಿಯೋಣ ಅಂತಿದೀನಿ. ಉಪ್ಪು ತಿಂದ ಮನೆ ಅನ್ನೋದೇ ಇಲ್ವಾ ಈಗಿನೋರಿಗೆ?

ಉತ್ತರ:

ಅಣ್ಣಾರೆ, ಮೊದ್ಲು ಕೊನೇ ಮಾತಿಗೆ ಉತ್ತರ ಹೇಳಿಬಿಡ್ತೀನಿ, ಯಾಕಂದ್ರೆ ಅದ್ರಲ್ಲಿ ನೀವು ಸಿಕ್ಕಾಕ್ಕೊಳ್ಳೋ ಸಂಭವ ಐತೆ. ಮಾರ್ಕ್ಸ್ ಕಾರ್ಡ್ ಇಟ್ಕೋಬೇಡ್ರಿ, ಪಗಾರ ಹಿಡೀಬೇಡ್ರಿ. 2025ರ ನವೆಂಬರ್ 21ರಿಂದ ಹಳೇ 29 ಕಾರ್ಮಿಕ ಕಾಯ್ದೆಗಳನ್ನ ಸೇರ್ಸಿ ಮಾಡಿದ 4 ಸಂಹಿತೆ ಜಾರಿಗೆ ಬಂದಾವೆ, ಅದ್ರಲ್ಲಿ ವೇತನ ಸಂಹಿತೆ ಪ್ರಕಾರ ಒಬ್ಬ ಕೆಲ್ಸ ಬಿಟ್ರೂ ಸರಿ, ನೀವೇ ತೆಗೆದ್ರೂ ಸರಿ, 2 ಕೆಲಸದ ದಿನದೊಳಗೆ ಅವನ ಪಗಾರ ಚುಕ್ತಾ ಆಗ್ಬೇಕು. ಹೇಳ್ದೆ ಹೋದ, ಸಿಟ್ಟು ಬಂತು, ಅದಕ್ಕೆ ಹಿಡ್ಕೊಂಡೆ ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ. ಅವನು ದುಡಿದ 11 ದಿನ ದುಡಿದಾಯ್ತು, ಆ ಪ್ಯಾಂಟುಗಳು ನಿಮ್ಮ ಯೂನಿಟ್ಟಿಂದ ಹೊರಗೆ ಹೋಗಿ ಮಾರಾಟನೂ ಆಗಿರ್ತಾವೆ.

ಈಗ ನಿಯತ್ತಿನ ವಿಷಯಕ್ಕೆ ಬರೋಣ. ನಾನು ಬಳ್ಳಾರಿಯಲ್ಲಿ 22 ವರ್ಷದಿಂದ ಸಣ್ಣ ಯೂನಿಟ್‌ಗಳಿಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಹಾಜರಿ ಪುಸ್ತಕ, ಪಗಾರದ ಲೆಕ್ಕ ಇದನ್ನೆಲ್ಲ ಮಾಡ್ಕೊಡ್ತಾ ಬಂದೀನಿ. ನನ್ನ ಟೇಬಲ್ಲಿನ ಈ ಕಡೆ ಮಾಲೀಕರು ಕೂತಿರ್ತಾರೆ, ಆ ಕಡೆ ಹುಡುಗ್ರು ಬಂದು ನಿಂತಿರ್ತಾರೆ, ಎರಡೂ ಕಡೆ ಮಾತು ಕೇಳ್ಕೊಂಡೇ ದಿನ ಹೋಗ್ತಾವೆ. ಅದಕ್ಕೆ ಹೇಳ್ತೀನಿ, ನೀವು 2 ಸಾವಿರ ಅಂತ ಅಂದ್ಕೊಂಡೀರಲ್ಲ, ಅದನ್ನ ಒಂದ್ಸಲ ಕೂತು ಲೆಕ್ಕ ಹಾಕೋಣ ಬರ್ರಿ.

ಅಲ್ಲಿ 15 ಸಾವಿರದ ಮೇಲೆ ಪೂರ್ತಿ ಪಿಎಫ್ ಕಟ್ ಆಗುತ್ತೆ ಅಂತ ಇಟ್ಕೊಳ್ರಿ. ಅವನ ಪಾಲು ನೂರಕ್ಕೆ 12, ಅಂದ್ರೆ 1,800 ರೂಪಾಯಿ ಹೋಯ್ತು. ಇಎಸ್‌ಐ ನೂರಕ್ಕೆ ಮುಕ್ಕಾಲು, 113 ರೂಪಾಯಿ ಹೋಯ್ತು. ಕೈಗೆ ಬರೋದು 13,087. ನೀವು ಕೊಡ್ತಿದ್ದದ್ದು 13,000. ಅಂದ್ರೆ ಆ ಹುಡುಗ ತಿಂಗಳಿಗೆ 87 ರೂಪಾಯಿ ಹೆಚ್ಚಿಗೆ ಬರುತ್ತೆ ಅಂತ ದಿನಾ ಸುಮಾರು 30 ಕಿಲೋಮೀಟರ್ ಹೋಗಿ ಸುಮಾರು 30 ಕಿಲೋಮೀಟರ್ ಬರ್ತಾನೆ, ನೈಟ್ ಶಿಫ್ಟ್ ಮಾಡ್ತಾನೆ, ಧೂಳು ಕುಡೀತಾನೆ. ಅಷ್ಟಕ್ಕೇ ಯಾರಾದ್ರೂ ಹೋಗ್ತಾರಾ ಹೇಳ್ರಿ?

ಅವನು ಹೋಗಿದ್ದು ಕೈಗೆ ಕಾಣದ ದುಡ್ಡಿಗೆ. ಅವನ 1,800 ಹಾಕಿದ್ರೆ ಆ ಕಡೆಯವರೂ 1,800 ಹಾಕ್ಬೇಕು, ಅದ್ರಲ್ಲಿ 1,250 ಪೆನ್ಷನ್ ಖಾತೆಗೆ, 550 ಪಿಎಫ್‌ಗೆ ಹೋಗುತ್ತೆ. ತಿಂಗಳಿಗೆ 3,600, ವರ್ಷಕ್ಕೆ 43,200 ಅವನ ಹೆಸ್ರಲ್ಲಿ. ಮೇಲೆ ಇಎಸ್‌ಐ ಕಾರ್ಡು, ಅದ್ರಲ್ಲಿ ಅವನಿಗಷ್ಟೇ ಅಲ್ಲ, ಹೆಂಡ್ತಿ ಮಕ್ಳಿಗೆ, ಅವನನ್ನೇ ನಂಬ್ಕೊಂಡಿರೋ ಅಪ್ಪ ಅಮ್ಮಂಗೂ ಔಷಧೋಪಚಾರ ಐತೆ. ಜಡ್ಡು ಬಿದ್ದು ಮಲಗಿದ್ರೆ ವರ್ಷಕ್ಕೆ 91 ದಿನದವರೆಗೆ ಪಗಾರದ ನೂರಕ್ಕೆ 70ರಷ್ಟು ಬರುತ್ತೆ, ಕೆಲ್ಸದ ಜಾಗದಲ್ಲಿ ಕೈಗೋ ಕಾಲಿಗೋ ಪೆಟ್ಟಾದ್ರೆ ನೂರಕ್ಕೆ 90. ನಿಮ್ಮ ಹತ್ರ ಇದ್ದಾಗ ಅವರ ಅಮ್ಮಂಗೆ ಹುಷಾರಿಲ್ಲದಾಗ ಏನ್ ಮಾಡಿದ್ದ? ನಿಮ್ಮನ್ನೇ ಮುಂಗಡ ಕೇಳಿರ್ತಾನೆ, ನೀವು ಕೊಟ್ಟೂ ಇರ್ತೀರಿ, ಅದು ನಿಮ್ಮ ದೊಡ್ಡ ಮನಸ್ಸು, ಅದ್ರ ಬಗ್ಗೆ ಎರಡು ಮಾತಿಲ್ಲ. ಆದ್ರೆ ನಿಮ್ಮ ಮುಂದೆ ನಿಂತು ಕೈ ಚಾಚೋದಕ್ಕಿಂತ ಕಾರ್ಡ್ ತೋರ್ಸಿ ಇದು ನಂದು ಅಂತ ತಗೊಳ್ಳೋದು ಅವನಿಗೆ ಹಗುರ ಅನ್ಸಿರುತ್ತೆ. ನಾನು ನೋಡಿದ ದೊಡ್ಡ ಬದಲಾವಣೆ ಇದೇ. ಮೊದ್ಲು ಮಾಲೀಕನ ಹತ್ರ ಸಹಾಯ ಪಡೀತಿದ್ರು, ಋಣ ಅಂತ ನಡ್ಕೋತಿದ್ರು. ಈಗಿನ ಹುಡುಗ್ರು ಋಣ ಬೇಡ, ಲೆಕ್ಕ ಬೇಕು ಅಂತಾರೆ.

ಇದನ್ನ ಕೇಳಿದ್ರೆ ಬ್ಯಾಸರ ಆಗುತ್ತೆ, ನಂಗೆ ಗೊತ್ತು. ನಮ್ಮಪ್ಪನ ವಿಷಯ ಹೇಳ್ತೀನಿ, ಆಮೇಲೆ ನೀವೇ ನೋಡ್ರಿ.

ನಮ್ಮಪ್ಪ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಲ್ಲಿ 1974ರಿಂದ 2005ರವರೆಗೆ, 31 ವರ್ಷ. ಸೀಸನ್ ಶುರುವಾದ್ರೆ ಹತ್ತಿ ಅಂಡಿಗೆ (ಮೂಟೆ) ಇಳ್ಸೋದ್ರಿಂದ ಹಿಡಿದು ಪ್ರೆಸ್ಸಿನ ತನಕ ಎಲ್ಲಾ ಕೆಲ್ಸಾನೂ ಮಾಡ್ತಿದ್ರು, ಮನೆಗೆ ಬಂದಾಗ ಹುಬ್ಬಿನ ಮೇಲೆ, ಕಿವಿ ಒಳಗೆ, ಎಲ್ಲಾ ಕಡೆ ಬಿಳಿ ಅರಳೆ, ನಮ್ಮವ್ವ ಒದ್ದೆ ಟವೆಲ್ಲು ತಗೊಂಡು ಬಾಗ್ಲಲ್ಲೇ ಒರೆಸಿ ಒಳಗೆ ಬಿಡ್ತಿದ್ಳು. ದೀಪಾವಳಿ ಲಕ್ಷ್ಮೀ ಪೂಜೆ ದಿನ ಸಾವ್ಕಾರ್ರು ಒಂದು ಧೋತ್ರ, ಒಂದು ಡಬ್ಬಿ ಸ್ವೀಟ್ ಕೊಡ್ತಿದ್ರು, ಅಪ್ಪ ಆ ಡಬ್ಬೀನ ದೇವರ ಮುಂದೆ ಇಟ್ಟು ಆಮೇಲೆ ನಮ್ಗೆ ಕೊಡೋರು. ಸಾವ್ಕಾರ್ರ ಮನೆ ಮದ್ವೆಗೆ ಹೋಗಿ 3 ದಿನ ಚಪ್ಪರ ಕಟ್ಟಿ ನೀರು ಹೊತ್ತು ಬಂದಿದ್ರು, ಪಗಾರ ಕೇಳಿದ್ದಿಲ್ಲ, ಕೇಳೋದು ಅಂದ್ರೆ ತಪ್ಪು ಅನ್ನೋ ಮನುಷ್ಯ ಅವರು. ಬಿಟ್ಟ ಮೇಲೆ ಪಿಎಫ್ ಕಾಗದ ತುಂಬ್ಸೋಕೆ ನಾನೇ ಹೋದೆ. ಅಲ್ಲಿ ನೋಡಿದ್ರೆ ಅವ್ರ ಹೆಸ್ರು ಸೇರ್ಸಿದ್ದು 1997ರಲ್ಲಿ. ಅಂದ್ರೆ 31 ವರ್ಷದ ದುಡಿಮೆಯಲ್ಲಿ ಪುಸ್ತಕದ ಮೇಲೆ ಇದ್ದದ್ದು 8 ವರ್ಷ. ಪಿಎಫ್‌ನ ಪೆನ್ಷನ್ ಬರ್ಬೇಕಂದ್ರೆ 10 ವರ್ಷ ಸರ್ವೀಸ್ ಬೇಕು. ಸಿಗ್ಲಿಲ್ಲ. ಕಟ್ಟಿದ್ದಷ್ಟು ದುಡ್ಡು ಕೈಗೆ ಬಂತು, ಅದ್ರಲ್ಲಿ ಮನೆ ಮೇಲಿನ ತಗಡು ಬದಲಾಯಿಸಿದ್ವಿ.

ಅಪ್ಪ ಸಾವ್ಕಾರ್ರ ಮೇಲೆ ಒಂದು ಮಾತು ಆಡ್ಲಿಲ್ಲ. ಇರ್ಲಿ ಬಿಡೋ, ಅವ್ರ ಉಪ್ಪು ತಿಂದೀವಿ ಅಂದ್ರು. ನಂಗೆ ಮಾತ್ರ ಅವತ್ತಿನಿಂದ ಉಪ್ಪಿನ ಮಾತು ಬಂದಾಗೆಲ್ಲ ಆ 23 ವರ್ಷ ನೆನಪಾಗುತ್ತೆ. ಆ ಸಾವ್ಕಾರ್ರು ಕೆಟ್ಟೋರಲ್ಲ, ಅಪ್ಪ ಸತ್ತಾಗ ಮನೆಗೆ ಬಂದು ಕೂತು ಅತ್ತರು. ಆದ್ರೆ ಪ್ರೀತಿ ಬೇರೆ ಪುಸ್ತಕ, ಪಗಾರ ಬೇರೆ ಪುಸ್ತಕ ಅನ್ನೋದು ಅವ್ರಿಗೂ ಹೊಳೀಲಿಲ್ಲ, ನಮ್ಮಪ್ಪಂಗೂ ಹೊಳೀಲಿಲ್ಲ.

ನಿಮ್ಮ ಅಪ್ಪಾಜಿ ಕಾಲದ ಟೈಲರ್‌ಗಳು ಮನೆ ಮಕ್ಳಂಗೆ ಇದ್ರು ಅಂದ್ರಲ್ಲ. ತಪ್ಪು ತಿಳ್ಕೋಬೇಡ್ರಿ, ಒಂದು ಕೇಳ್ತೀನಿ, ಅವ್ರು ಹೋಗೋವಾಗ ಏನು ತಗೊಂಡು ಹೋದ್ರು? 10 ಜನ ಇಲ್ಲಾ ಅದಕ್ಕಿಂತ ಹೆಚ್ಚಿದ್ದ ಕಡೆ 5 ವರ್ಷ ಪೂರೈಸಿದೋರಿಗೆ ಗ್ರ್ಯಾಚುಟಿ, ಅಂದ್ರೆ ಕೆಲ್ಸ ಬಿಡೋವಾಗ ಕೊಡೋ ಇಡಿಗಂಟು, ಕೊಡ್ಬೇಕು ಅಂತ 1972ರಿಂದಲೇ ಕಾಯ್ದೆ ಐತೆ. ಕೊನೇ ಪಗಾರ 10 ಸಾವಿರ ಅಂತ ಹಿಡಿದ್ರೂ 20 ವರ್ಷಕ್ಕೆ 1 ಲಕ್ಷ 15 ಸಾವಿರ ದಾಟುತ್ತೆ. ಎಷ್ಟು ಜನಕ್ಕೆ ಸಿಕ್ಕೈತೆ? ಬಳ್ಳಾರಿ ಗಲ್ಲಿಗಳಲ್ಲಿ ಅಂಥ ಹಳೇ ಟೈಲರ್‌ಗಳು ಈಗ ಮನೇಲಿ ಒಂದು ಮಷಿನ್ ಹಾಕ್ಕೊಂಡು ಪೀಸ್ ರೇಟಿಗೆ ಕಾಜಾ, ಬಟನ್ ಮಾಡ್ತಾ ಕೂತಿರ್ತಾರೆ, ಕಣ್ಣು ಕಾಣಲ್ಲ, ಸೊಂಟ ಹಿಡಿದಿರುತ್ತೆ. ನಿಮ್ಮಲ್ಲಿಂದ ಓಡಿಹೋದ ಹುಡುಗ ಅವ್ರಲ್ಲಿ ಯಾರದೋ ಮಗನೋ ಅಣ್ಣನ ಮಗನೋ ಆಗಿರ್ತಾನೆ. ಅವನು ನಿಯತ್ತಿಗೆ ಏನ್ ಸಿಗುತ್ತೆ ಅಂತ ಮನೇಲೇ ನೋಡ್ಕೊಂಡು ಬೆಳ್ದೋನು.

ಇನ್ನೊಂದು, ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಪಾಠ ಕಲಿಸಿದ್ದು ಗಣಿ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಸಿತು. ಅಕ್ರಮ ಆ ಮಟ್ಟಕ್ಕೆ ಹೋಗಿತ್ತು, ನಿಲ್ಲಿಸ್ಲೇಬೇಕಿತ್ತು, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಅವತ್ತು ಸಂಡೂರು, ಹೊಸಪೇಟೆ ಕಡೆ ಲಾರಿ ಡ್ರೈವರ್, ಕ್ಲೀನರ್, ಲೋಡರ್, ಮೆಸ್ಸು ನಡ್ಸೋರು, ಪಂಕ್ಚರ್ ಅಂಗಡಿಯೋರು, ಇವ್ರಿಗೆಲ್ಲ ರಾತ್ರೋರಾತ್ರಿ ಕೆಲ್ಸ ಹೋಯ್ತು, ಕೈಯಲ್ಲಿ ಒಂದು ಚೀಟಿ ಇಲ್ಲ, ಒಂದು ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ, ಯಾರ ಹತ್ರ ಹೋಗಿ ಏನಂತ ಕೇಳ್ಬೇಕು? ನನ್ನ ಹತ್ರ ಒಬ್ಬ ಡ್ರೈವರ್ ಬಂದಿದ್ದ, 6 ವರ್ಷ ಒಬ್ಬರ ಹತ್ರಾನೇ ಗಾಡಿ ಓಡ್ಸೀನಿ ಸರ್, ನಂಗೇನಾದ್ರೂ ಬರುತ್ತಾ ಅಂತ. ಎಲ್ಲಿ ಸಹಿ ಮಾಡಿದ್ದೀಯಪ್ಪಾ ಅಂದೆ. ಟ್ರಿಪ್ ಶೀಟಿಗೆ ಮಾಡ್ತಿದ್ದೆ ಸರ್ ಅಂದ. ಆ ಟ್ರಿಪ್ ಶೀಟ್ ಯಾರ ಹತ್ರ ಅಂದ್ರೆ ಮಾಲೀಕರ ಹತ್ರ. 2012ರ ಹೊತ್ತಿಗೆ ಅಕ್ರಮ ಇಲ್ಲದ ಇಲ್ಲಾ ತೀರಾ ಕಡ್ಮೆ ಇದ್ದ ಎ ವರ್ಗದ ಗಣಿಗಳು ಮತ್ತೆ ಶುರುವಾದ್ವು, 2013ರಲ್ಲಿ ಅಕ್ರಮ ಹೆಚ್ಚಿದ್ದ ಸಿ ವರ್ಗದ ಲೀಸ್‌ಗಳೇ ರದ್ದಾದ್ವು, ಆದ್ರೆ ಆ ಡ್ರೈವರ್‌ ಥರದೋರಿಗೆ ಅದ್ಯಾವುದೂ ಲೆಕ್ಕಕ್ಕೆ ಬರ್ಲಿಲ್ಲ. ಅವನ ಮಕ್ಳು ಈಗ 20-22 ವರ್ಷದೋರು. ಎಲ್ಲಿ ಕೆಲ್ಸಕ್ಕೆ ಹೋದ್ರೂ ಮೊದ್ಲು ಕೇಳೋದು ಪಿಎಫ್ ಐತಾ ಅಂತಾನೇ.

ಅದಾದ ಮೇಲೆ 2020ರ ಲಾಕ್‌ಡೌನ್. ನಮ್ಮ ರಾಯಚೂರು, ಕೊಪ್ಪಳ ಕಡೆಯಿಂದ ಬೆಂಗ್ಳೂರಿಗೆ, ಮಂಗ್ಳೂರಿಗೆ, ಗೋವಾಕ್ಕೆ ಗುಳೆ ಹೋದೋರು ಮಕ್ಳುಮರಿ ಕಟ್ಕೊಂಡು, ಗಂಟು ಹೊತ್ಕೊಂಡು ವಾಪಸ್ ಬಂದದ್ದು ನಾವೆಲ್ಲ ನೋಡೀವಿ. ಅವತ್ತು ಎಷ್ಟು ಮಂದಿ ಮೇಸ್ತ್ರಿಗಳು ಫೋನ್ ಎತ್ತಿದ್ರು? ಎತ್ತಿದೋರೂ ಅದಾರೆ, ಅಕ್ಕಿ ಬ್ಯಾಳಿ ಕೊಡ್ಸಿ ಗಾಡಿ ಮಾಡ್ಕೊಟ್ಟೋರನ್ನ ಜನ ಇವತ್ತಿಗೂ ನೆನೀತಾರೆ, ಅವ್ರ ಸೈಟಿಗೆ ಆಳು ಕರೀಬೇಕಂದ್ರೆ ಊರಿಗೆ ಒಂದು ಫೋನ್ ಸಾಕು. ಎತ್ತದೇ ಇದ್ದೋರು ಈಗ ಕರೆದ್ರೆ ಇವ್ರೂ ಎತ್ತಲ್ಲ. ನೀವು ಫೋನ್ ಸ್ವಿಚ್ ಆಫ್ ಮಾಡಿದ ಅಂದ್ರಲ್ಲ, ಅದು ಓದಿದ ತಕ್ಷಣ ನಂಗೆ ಇದೇ ನೆನಪಾಯ್ತು.

ಇನ್ನು ಕಾಂಟ್ರಾಕ್ಟು. ದೊಡ್ಡ ಕಾರ್ಖಾನೆಗಳಲ್ಲಿ, ಸರ್ಕಾರಿ ಆಫೀಸ್‌ಗಳಲ್ಲಿ, ಆಸ್ಪತ್ರೆಗಳಲ್ಲಿ, ಎಲ್ಲಾ ಕಡೆ ಕಾಯಂ ಅನ್ನೋದು ಕಡ್ಮೆ ಆಗಿ ಗುತ್ತಿಗೆ, ಹೊರಗುತ್ತಿಗೆ ಅಂತ ಆದ ಮೇಲೆ ಹುಡುಗನಿಗೆ ಮಾಲೀಕ ಯಾರು ಅನ್ನೋದೇ ಗೊತ್ತಿರಲ್ಲ. ಕೆಲ್ಸ ಒಬ್ರದು, ಗೇಟ್ ಪಾಸ್ ಇನ್ನೊಬ್ರದು, ಪಗಾರ ಹಾಕೋ ಏಜೆನ್ಸಿ ಮತ್ತೊಬ್ರದು. ಟೆಂಡರ್ ಬದಲಾದ್ರೆ ಏಜೆನ್ಸಿ ಹೆಸ್ರು ಬದಲಾಗುತ್ತೆ, ಇವನು ಅದೇ ಮಷಿನ್ ಮುಂದೆ ಅದೇ ಹೆಲ್ಮೆಟ್ ಹಾಕ್ಕೊಂಡು ನಿಂತಿರ್ತಾನೆ. ನಿಯತ್ತು ಯಾರಿಗೆ ತೋರ್ಸ್ಬೇಕು ಹೇಳ್ರಿ. 5 ವರ್ಷ ತುಂಬೋಕೆ 2 ತಿಂಗಳು ಐತೆ ಅನ್ನೋವಾಗ ರಾಜೀನಾಮೆ ಬರೆಸ್ಕೊಂಡು ಒಂದು ವಾರ ಬಿಟ್ಟು ಹೊಸದಾಗಿ ಸೇರಿಸ್ಕೊಂಡ ಕೇಸು ನನ್ನ ಕೈಯಲ್ಲೇ ಎಷ್ಟೋ ಬಂದು ಹೋಗ್ಯಾವೆ, ಗ್ರ್ಯಾಚುಟಿ ತಪ್ಪಿಸೋಕೆ. ನಂಗೆ ಅಂಥ ಕಾಗದ ಬರೀರಿ ಅಂತ ಬಂದೋರನ್ನ ವಾಪಸ್ ಕಳ್ಸೀನಿ, ಗಿರಾಕಿ ಕಳ್ಕೊಂಡೀನಿ. ಹೊಸ ಸಂಹಿತೆಯಲ್ಲಿ ಇಷ್ಟು ಅವಧಿಗೆ ಅಂತ ಬರೆದು ತಗೊಂಡ ಕೆಲ್ಸಗಾರನಿಗೆ 1 ವರ್ಷಕ್ಕೇ ಗ್ರ್ಯಾಚುಟಿ ಅಂತ ಮಾಡ್ಯಾರೆ. ಒಳ್ಳೇದೇ ಆಯ್ತು.

ಮತ್ತೆ ಈ ಮೊಬೈಲು. ಇದನ್ನ ಸಣ್ಣದು ಅನ್ಕೋಬೇಡ್ರಿ. ನಮ್ಮಪ್ಪಂಗೆ ತನ್ನ ಹೆಸ್ರು ಪುಸ್ತಕದಲ್ಲಿ ಐತೋ ಇಲ್ವೋ ಅಂತ ತಿಳ್ಕೊಳ್ಳೋ ದಾರೀನೇ ಇರ್ಲಿಲ್ಲ. 2014ರಲ್ಲಿ ಯುಎಎನ್, ಅಂದ್ರೆ ಒಬ್ಬ ಕೆಲಸಗಾರನಿಗೆ ಒಂದೇ ಪಿಎಫ್ ನಂಬರ್, ಬಂದ ಮೇಲೆ ಕೆಲ್ಸ ಬದಲಾಯಿಸಿದ್ರೂ ಖಾತೆ ಅವನ ಜೊತೇಲೇ ಬರುತ್ತೆ, ಪಾಸ್‌ಬುಕ್ ಫೋನಲ್ಲೇ ತೆಗೀತದೆ. ಹೋದ ವರ್ಷ ಒಬ್ಬ ಹುಡುಗ ಬಂದ, ಕುಡತಿನಿ ಕಡೆಯೋನು, ಸ್ಕ್ರೀನ್ ಒಡೆದ ಫೋನು, ಅದನ್ನ ನನ್ನ ಮುಂದೆ ಹಿಡಿದು ಬೆರಳಲ್ಲಿ ಒಂದೊಂದೇ ತಿಂಗಳು ಸರಿಸ್ತಾ ಸರ್ ಇಲ್ಲಿ ಜೂನ್ ಐತೆ, ಜುಲೈ ಇಲ್ಲ, ಆಗಸ್ಟ್ ಇಲ್ಲ, ಸೆಪ್ಟೆಂಬರ್ ಐತೆ, ನನ್ನ ಪಗಾರದಲ್ಲಿ ಮಾತ್ರ ನಾಲ್ಕೂ ತಿಂಗಳು ಕಟ್ ಆಗೈತೆ ಅಂದ. ಸಿಟ್ಟಿಲ್ಲ, ಜೋರಿಲ್ಲ, ಸುಮ್ನೆ ತೋರಿಸ್ದ. ಆ ಮಾಲೀಕರಿಗೆ ಫೋನ್ ಮಾಡಿ 2 ತಿಂಗಳದು ಕಟ್ಟಿಸ್ದೆ. ಆ ಹುಡುಗ ಇನ್ನೂ ಅಲ್ಲೇ ಕೆಲ್ಸ ಮಾಡ್ತಾನೆ. ಕೇಳಿದ್ದಕ್ಕೆ ಉತ್ತರ ಸಿಕ್ಕಿದ್ರೆ ಉಳೀತಾರೆ ಅನ್ನೋದಕ್ಕೆ ಇದನ್ನ ಹೇಳಿದೆ. ಅದೇ ಪ್ರಶ್ನೆಗೆ ಏನೋ ದೊಡ್ಡ ಲಾಯರ್ ಆಗಿಬಿಟ್ಟೆ ಅಂತ ಬೈದು ಕಳ್ಸಿದ ಕಡೆಗಳೂ ಗೊತ್ತು, ಅಲ್ಲಿ ಈಗ ವರ್ಷಪೂರ್ತಿ ಗೇಟಿಗೆ ಕೆಲಸಗಾರರು ಬೇಕಾಗಿದ್ದಾರೆ ಬೋರ್ಡು ನೇತಾಡ್ತಿರುತ್ತೆ.

ಪಿಎಫ್ ಅಂದ್ರೆ ದುಡಿಯೋರಿಗೆ ಎಷ್ಟು ಮುಖ್ಯ ಅನ್ನೋದಕ್ಕೆ 2016ರ ಏಪ್ರಿಲ್ ನೆನಪು ಮಾಡ್ಕೊಳ್ರಿ. ಮಾಲೀಕರ ಪಾಲಿನ ಪಿಎಫ್ 58 ವಯಸ್ಸಿನ ತನಕ ತೆಗೆಯಂಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ ಬೆಂಗ್ಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಳು 18, 19ನೇ ತಾರೀಕು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದ್ರು, 19ರ ಸಂಜೆ ಹೊತ್ತಿಗೆ ಸರ್ಕಾರ ಆ ನಿಯಮ ವಾಪಸ್ ತಗೊಂಡ್ತು. ಎಷ್ಟೋ ಮಂದಿ ಕೆಲ್ಸ ಬಿಡೋದೇ ಪಿಎಫ್ ತೆಗೆಯೋಕೆ, ಮಗಳ ಮದ್ವೆಗೋ, ಸಾಲಕ್ಕೋ, ಮನೆಗೋ. ಇನ್ಯಾವ ಕಡೆಯಿಂದಲೂ ಅಷ್ಟು ದೊಡ್ಡ ಗಂಟು ಅವ್ರ ಕೈಗೆ ಬರಲ್ಲ. ಆದ್ರಿಂದ ಬಿಟ್ಟು ಹೋದ ಅಂದ್ರೆಲ್ಲ ನಿಮ್ಮನ್ನ ಬಿಟ್ಟು ಹೋದ ಅಂತಲ್ಲ.

ಹೆಣ್ಮಕ್ಳ ವಿಷಯ ನೀವು ಬರ್ದಿಲ್ಲ, ಆದ್ರೆ ನಿಮ್ಮಲ್ಲಿ ದಾರ ಕತ್ತರ್ಸೋಕೆ, ಪ್ಯಾಕಿಂಗಿಗೆ ಹೆಣ್ಮಕ್ಳು ಇದ್ದೇ ಇರ್ತಾರೆ. ಮೆಣಸಿನಕಾಯಿ ಬಿಡಿಸೋ ಕಾಲ ಬಂತಂದ್ರೆ ಅರ್ಧಕ್ಕರ್ಧ ಬರಲ್ಲ ಅಂತ ಎಲ್ಲಾ ಮಾಲೀಕರೂ ಗೋಳಾಡ್ತಾರೆ. ಅಲ್ಲಿ ಕೂಲಿ ಏರಿರುತ್ತೆ, ಸಂಜೆಗೆ ಕೈಗೆ ದುಡ್ಡು, ಹೋಗ್ದೆ ಇನ್ನೇನ್ ಮಾಡ್ತಾರೆ? ಮತ್ತೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಸ್ಸು ಫ್ರೀ ಆದ ಮೇಲೆ ಹಳ್ಳಿ ಹೆಣ್ಮಗಳು ಊರಲ್ಲೇ ಕೊಟ್ಟಷ್ಟು ತಗೋಬೇಕು ಅನ್ನೋದು ಹೋಯ್ತು, ಎಲ್ಲಿ ಪಗಾರ ಚೆನ್ನಾಗೈತೋ ಅಲ್ಲಿಗೆ ಸಾರಿಗೆ ಬಸ್ ಹತ್ತಿ ಹೋಗ್ತಾಳೆ. ಗೃಹಲಕ್ಷ್ಮಿ 2 ಸಾವಿರ, ರೇಷನ್ ಅಕ್ಕಿ ಇವುಗಳಿಂದ ಜನ ಸೋಮಾರಿ ಆದ್ರು ಅಂತ ಸಾವ್ಕಾರ್ರು ಅನ್ನೋದನ್ನ ದಿನಾ ಕೇಳ್ತೀನಿ. ನಾನು ಒಪ್ಪಲ್ಲ. ಮೆಣಸಿನಕಾಯಿ ಹೊಲದಾಗ ಘಾಟಿನಾಗ ಕೈ ಉರಿಸ್ಕೊಂಡು ದಿನಪೂರ್ತಿ ಕೂರೋ ಹೆಣ್ಮಗಳನ್ನ ಸೋಮಾರಿ ಅನ್ನೋಕೆ ಬಾಯಿ ಹೆಂಗ ಬರುತ್ತೆ? ಮನೇಲಿ ಒಂದು ವಾರದ ಅಕ್ಕಿ ಇದ್ರೆ, ನಿಮ್ಮ ಪಗಾರ ಸಾಲಲ್ಲ ಅಂತ ಹೇಳೋ ಧೈರ್ಯ ಬರುತ್ತೆ. ಮೊದ್ಲು ಆ ಧೈರ್ಯ ಇರ್ಲಿಲ್ಲ, ಅದನ್ನೇ ನಾವು ನಿಯತ್ತು ಅಂತ ತಿಳ್ಕೊಂಡಿದ್ವಿ ಅನ್ಸುತ್ತೆ ನಂಗೆ.

ಮುಂಗಡದ ಬಗ್ಗೆನೂ ಎಚ್ಚರ ಹೇಳ್ಬೇಕು. ಟೈಲರ್ ನಿಲ್ಲಲ್ಲ ಅಂತ 30-40 ಸಾವಿರ ಮುಂಗಡ ಕೊಟ್ಟು ಕಟ್ಟಾಕ್ಕೊಳ್ಳೋದು, ಇನ್ನೊಬ್ಬ ಮಾಲೀಕ ಆ ಮುಂಗಡ ತೀರ್ಸಿ ತನ್ನ ಕಡೆ ಎಳ್ಕೊಳ್ಳೋದು, ಇದು ಸಣ್ಣ ಯೂನಿಟ್‌ಗಳಲ್ಲಿ ನಡ್ಕೊಂಡೇ ಬಂದೈತೆ. ಮುಂಗಡ ಕೊಡೋದು ತಪ್ಪಲ್ಲ. ಅದು ತೀರೋವರ್ಗೂ ಬೇರೆ ಕಡೆ ಹೋಗಂಗಿಲ್ಲ ಅಂತ ಷರತ್ತು ಹಾಕಿದ್ರೆ ಮಾತ್ರ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕೆಳಗೆ ಬರುತ್ತೆ, ಸಾಲದ ಹೆಸ್ರಲ್ಲಿ ಮನುಷ್ಯನ ಕೆಲ್ಸ ಬದಲಾಯಿಸೋ ಸ್ವಾತಂತ್ರ್ಯ ಕಿತ್ಕೊಂಡ್ರೆ ಅದೇ ಜೀತ ಅಂತ ಅದ್ರಲ್ಲೇ ಐತೆ. ನಮ್ಮ ಕಡೆ ಹೊಲದಾಗ ಯುಗಾದಿಯಿಂದ ಯುಗಾದಿಗೆ ಸಂಬಳಕ್ಕಿರೋ ಪದ್ಧತಿ ನೋಡ್ಕೊಂಡು ಬೆಳೆದೋರು ನಾವು, ಅದೇ ರೂಢಿ ಮಷಿನ್ ಮುಂದೆಯೂ ನಡೆಯುತ್ತೆ ಅಂದ್ಕೊಂಡುಬಿಟ್ಟೀವಿ.

ನಿಮ್ಮ ಕಷ್ಟ ಗೊತ್ತಿಲ್ಲ ಅಂತಲ್ಲ. ನೀವು ಮಾಲು ಕಳ್ಸಿದ ವ್ಯಾಪಾರಿ 3 ತಿಂಗಳು ಉದ್ರಿ ಇಡ್ತಾನೆ, ನೀವು ಶನಿವಾರ ಬಟವಾಡೆ ಮಾಡ್ಲೇಬೇಕು, ಬಟ್ಟೆ ರೇಟು, ಜಿಪ್ಪು ರೇಟು ಏರಿರುತ್ತೆ, ಪೀಸಿಗೆ ಸಿಗೋ ಲಾಭ ಬೆರಳೆಣಿಕೆ ರೂಪಾಯಿ. ಇದಕ್ಕೆ ಉದ್ಯಮ್ ರಿಜಿಸ್ಟ್ರೇಷನ್, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ, ಮಾಡ್ಸೀರಾ? ಮಾಡ್ಸಿದ್ರೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಖರೀದಿದಾರ ಹೆಚ್ಚಂದ್ರೆ 45 ದಿನದಲ್ಲಿ ನಿಮ್ಮ ದುಡ್ಡು ಕೊಡ್ಬೇಕು, ಬರವಣಿಗೆಯಲ್ಲಿ ಒಪ್ಪಂದ ಇಲ್ಲಾಂದ್ರೆ 15 ದಿನ. ತಡ ಮಾಡಿದ್ರೆ, ದುಡ್ಡು ಕೊಡೋ ತನಕ ಆ ಖರ್ಚನ್ನ ಅವನು ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ ತೋರ್ಸೋಕೆ ಬರಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿ ಕಳ್ಸೋಕೆ ಶುರು ಮಾಡ್ರಿ. ನಿಮ್ಗೆ ಟೈಮಿಗೆ ದುಡ್ಡು ಬಂದ್ರೆ ಹುಡುಗ್ರಿಗೂ ಟೈಮಿಗೆ ಹೋಗುತ್ತೆ.

ಈಗ ಏನ್ ಮಾಡ್ಬೇಕು ಅನ್ನೋದಕ್ಕೆ ಬರೋಣ. 18 ಜನ ಅಂದ್ರೆ ನಿಮ್ಗೆ ಇಎಸ್‌ಐ ಕಡ್ಡಾಯ, 10 ಜನ ಇದ್ರೇ ಬರುತ್ತೆ, ಪಗಾರ 21 ಸಾವಿರದವರೆಗೆ ಇರೋರಿಗೆ. ಇನ್ನೂ ಮಾಡ್ಸಿಲ್ಲ ಅನ್ಸುತ್ತೆ, ನಿಮ್ಮ ಪತ್ರದಲ್ಲಿ ಅದ್ರ ಮಾತೇ ಇಲ್ಲ. ಮಾಲೀಕರ ಪಾಲು ನೂರಕ್ಕೆ 3.25, 13 ಸಾವಿರಕ್ಕೆ 423 ರೂಪಾಯಿ, 18 ಜನಕ್ಕೆ ತಿಂಗಳಿಗೆ 7,614. ಒಬ್ಬ ಪಳಗಿದ ಟೈಲರ್ ಹೋಗಿ ಅವನ ಮಷಿನ್ 15 ದಿನ ಖಾಲಿ ಕೂತ್ರೆ ನಿಮ್ಗೆ ಎಷ್ಟು ಲುಕ್ಸಾನು ಅಂತ ನಿಮ್ಗೇ ಗೊತ್ತು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ರಿ. ಪಿಎಫ್ 20 ಜನಕ್ಕೆ ಬರುತ್ತೆ, ಆದ್ರೆ 18 ಅಂತ ಎಣಿಸೋವಾಗ ಪೀಸ್ ರೇಟಿನೋರನ್ನ, ಕಾಂಟ್ರಾಕ್ಟರ್ ಮೂಲಕ ಬರೋರನ್ನ ಬಿಟ್ಟು ಎಣಿಸೀರಾ ನೋಡ್ಕೊಳ್ರಿ, ಅವ್ರೂ ಲೆಕ್ಕಕ್ಕೆ ಬರ್ತಾರೆ. 20 ಇಲ್ದಿದ್ರೂ ನೀವೂ ಕೆಲಸಗಾರರೂ ಒಪ್ಪಿ ಸ್ವಂತ ಇಚ್ಛೆಯಿಂದ ಸೇರ್ಬಹುದು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲನೇ ಸಲ ಪಿಎಫ್‌ಗೆ ಸೇರೋ ಕೆಲಸಗಾರನಿಗೆ ಕೇಂದ್ರ ಸರ್ಕಾರ 15 ಸಾವಿರದವರೆಗೆ ಎರಡು ಕಂತಲ್ಲಿ ಕೊಡೋ ಯೋಜನೆ ಐತೆ, ಮೊದ್ಲ ಕಂತು 6 ತಿಂಗಳು ಕೆಲ್ಸ ಮಾಡಿದ ಮೇಲೆ, ಎರಡನೇದು 12 ತಿಂಗಳಿಗೆ. ಹೊಸ ಹುಡುಗ ಒಂದು ವರ್ಷ ನಿಲ್ಲೋಕೆ ಇದೇ ಒಂದು ಕಾರಣ ಆಗ್ಬಹುದು, ನೀವು ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಮಾಡ್ಬೇಕು ಅಂತಿರೋ ಕೆಲ್ಸ ಇದು ಸುಮ್ನೆ ಮಾಡುತ್ತೆ. ಹೆಚ್ಚುವರಿ ಜನ ತಗೊಳ್ಳೋ ಮಾಲೀಕರಿಗೂ ಅದ್ರಲ್ಲಿ ಷರತ್ತಿನ ಮೇಲೆ ಸಹಾಯ ಐತೆ, ನಿಮ್ಮ ತಲೆ ಎಣಿಕೆ ಸರಿಯಾದ ಮೇಲೆ ನೋಡೋಣ.

ಎಲ್ಲರಿಗೂ ಒಂದು ಅಪಾಯಿಂಟ್‌ಮೆಂಟ್ ಲೆಟರ್ ಕೊಡ್ರಿ, ಅದು ಈಗ ಕಡ್ಡಾಯನೂ ಹೌದು. ಒಂದು ಹಾಳೆ ಸಾಕು, ಕನ್ನಡದಲ್ಲೇ ಬರೀರಿ: ಪಗಾರ ಎಷ್ಟು, ಯಾವ ತಾರೀಕು, ಓಟಿಗೆ (ಹೆಚ್ಚುವರಿ ಹೊತ್ತಿನ ಕೆಲ್ಸಕ್ಕೆ) ಡಬಲ್, ವಾರದ ರಜಾ, ಬಿಡ್ಬೇಕಂದ್ರೆ 15 ದಿನ ಮೊದ್ಲು ಹೇಳ್ಬೇಕು, ನೀವು ತೆಗೀಬೇಕಂದ್ರೂ ಅಷ್ಟೇ ದಿನ ಮೊದ್ಲು ಹೇಳ್ತೀರಿ. ಆ ಕೊನೇ ಸಾಲನ್ನ ಮರೀಬೇಡ್ರಿ, ಅದಿಲ್ಲದೆ ಅವನ 15 ದಿನ ಕೇಳೋಕೆ ನಿಮ್ಗೆ ಬಾಯಿರಲ್ಲ. ಪೇ ಸ್ಲಿಪ್ ವಾಟ್ಸಾಪಲ್ಲೇ ಕಳ್ಸ್ರಿ. ಇನ್ನೊಂದು ಮಾತು, ಇದು ಕಾನೂನಿನದಲ್ಲ, ಆದ್ರೆ ನನ್ನ ಅನುಭವದಲ್ಲಿ ಜನ ಬಿಡೋದು ಹೆಚ್ಚಾಗಿ ಇದಕ್ಕೇ: ಬೈಗುಳ. ಎಲ್ಲರ ಮುಂದೆ ತಾಯಿ ಹೆಸ್ರು ಎತ್ತಿ ಬೈಯೋ ಮಾಸ್ಟರ್ ನಿಮ್ಮಲ್ಲಿದ್ರೆ ಮೊದ್ಲು ಅವನನ್ನ ಸರಿ ಮಾಡ್ರಿ. ಹಿಂದಿನೋರು ಸಹಿಸ್ಕೊಂಡ್ರು. 10ನೇ ಕ್ಲಾಸು, ಐಟಿಐ ಮುಗ್ಸಿದ ಹುಡುಗ ಸಹಿಸ್ಕೊಳ್ಳಲ್ಲ, ಜಗಳನೂ ಮಾಡಲ್ಲ, ಮರುದಿನ ಬರಲ್ಲ, ಅಷ್ಟೇ.

ಹುಡುಗ್ರದ್ದು ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ. ಆರ್ಡರ್ ನಡುವೆ ಕೈಬಿಟ್ಟು ಹೋಗೋದು ತಪ್ಪು, ಉಳಿದ 17 ಜನರ ಬಟವಾಡೆ ಮೇಲೆ ಕಲ್ಲು ಹಾಕಿದಂಗೆ ಅದು. ನನ್ನ ಹತ್ರ ಬರೋ ಹುಡುಗ್ರಿಗೆ ಖಡಕ್ಕಾಗಿ ಹೇಳ್ತೀನಿ, ಬಿಡೋದು ನಿಂದೇ ಹಕ್ಕು, ಆದ್ರೆ ಎದುರಿಗೆ ನಿಂತು ಹೇಳಿ ಬಿಡಪ್ಪಾ, ನಾಳೆ ಇದೇ ಊರಲ್ಲಿ ಇದೇ ಕಸುಬಲ್ಲಿ ಮುಖ ತೋರಿಸ್ಬೇಕು ಅಂತ. ಒಬ್ಬ ಹುಡುಗ ಅದಕ್ಕೆ ಏನಂದ ಗೊತ್ತಾ, ಸರ್ ಹೇಳಿದ್ರೆ ಪಗಾರ ಹಿಡೀತಾರೆ, ಅದಕ್ಕೇ ಬಟವಾಡೆ ಆದ ದಿನ ರಾತ್ರಿನೇ ಎಲ್ಲರೂ ಬಿಡೋದು ಅಂದ. ನಿಮ್ಮ ಹುಡುಗ ಬಟವಾಡೆವರ್ಗೂ ಕಾಯದೇ 11 ದಿನದ ಪಗಾರ ಬಿಟ್ಟು ಹೋಗ್ಯಾನೆ ಅಂದ್ರೆ ಅಲ್ಲಿ ಗೇಟ್ ಪಾಸ್ ಅವತ್ತೇ ಆಗಿರ್ಬೇಕು, ಇಲ್ಲಾಂದ್ರೆ ನಿಮ್ಮ ಮುಖ ನೋಡಿ ಹೇಳೋಕೆ ಅವನಿಗೆ ಆಗಿಲ್ಲ.

ಆ 11 ದಿನಕ್ಕೆ, ತಿಂಗಳಿಗೆ 26 ಕೆಲ್ಸದ ದಿನ ಅನ್ನೋ ಲೆಕ್ಕದಲ್ಲಿ, 5,500 ರೂಪಾಯಿ ಆಗುತ್ತೆ. ಫೋನ್‌ಪೇ ನಂಬರ್ ನಿಮ್ಮ ಹತ್ರ ಇದ್ದೇ ಇರುತ್ತೆ, ಇವತ್ತೇ ಹಾಕಿಬಿಡ್ರಿ, ಕೆಳಗೆ 11 ದಿನದ ಪಗಾರ ಚುಕ್ತಾ ಅಂತ ಬರೀರಿ, ಬೈದು ಏನೂ ಬರೀಬೇಡ್ರಿ. ಉಳಿದ 17 ಜನಕ್ಕೆ ಸಂಜೆಯೊಳಗೆ ಸುದ್ದಿ ಮುಟ್ಟಿರುತ್ತೆ. ಆಮೇಲೆ ಹಾಜರಿ ಪುಸ್ತಕ, ಎಲ್ಲರ ಆಧಾರ್ ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ ಝೆರಾಕ್ಸ್ ಒಂದು ಕಡೆ ಜೋಡ್ಸಿ ಇಟ್ಕೊಳ್ರಿ, ಇಎಸ್‌ಐ ರಿಜಿಸ್ಟ್ರೇಷನ್ನಿಗೆ ಮೊದ್ಲು ಅವೇ ಬೇಕಾಗೋದು.